ದಿನಕ್ಕೆ ಒಂದೂವರೆ ಜಿಬಿ ಮಾತು

ಆ ಬೆಳಗ್ಗೆ ಗುಳಿಕೆನ್ನೆಯ ವಿಡಿಯೋ ಕರೆ ಬಂದಾಗ ನಾನು ಹಾಸನದ ನಮ್ಮ ಕೇಂದ್ರದ ಚಿಕ್ಕ ಕೋಣೆಯಲ್ಲಿ ಬೆನ್ನ ಹಿಂದಿನ ನೀಲಿ ಬಟ್ಟೆಯನ್ನು ಎಳೆದು ಕಟ್ಟುತ್ತಿದ್ದೆ. ಹಿಂದೆ ಕಿಟಕಿ, ಕ್ಯಾಲೆಂಡರು ಏನೂ ಕಾಣಬಾರದು. ಕಂಡರೆ ನೋಡುವವರಿಗೆ ನನ್ನ ಬೆರಳುಗಳು ಅದರಲ್ಲಿ ಕಲೆತುಹೋಗುತ್ತವೆ. ನಾನು ಸನ್ನೆ ಭಾಷೆಯ ದುಭಾಷಿ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ತಾಲ್ಲೂಕಿನ ಕಿವುಡರು ಬ್ಯಾಂಕಿಗೋ ಆಸ್ಪತ್ರೆಗೋ ಕಚೇರಿಗೋ ಹೋದಾಗ ಅಲ್ಲಿಂದ ನನಗೆ ವಿಡಿಯೋ ಕರೆ ಮಾಡುತ್ತಾರೆ. ಅವರು ಕೈಯಲ್ಲಿ ಹೇಳಿದ್ದನ್ನು ನಾನು ಎದುರಿನವರಿಗೆ ಬಾಯಲ್ಲಿ ಹೇಳುತ್ತೇನೆ. ಎದುರಿನವರು ಬಾಯಲ್ಲಿ ಹೇಳಿದ್ದನ್ನು ಅವರಿಗೆ ಕೈಯಲ್ಲಿ ಹೇಳುತ್ತೇನೆ. ಇಷ್ಟೇ ಕೆಲಸ. ಇದಕ್ಕೆ ನನ್ನ ಅಭಿಪ್ರಾಯ ಸೇರಿಸುವಂತಿಲ್ಲ, ಅವರು ಹೇಳಿದ್ದರಲ್ಲಿ ಒಂದನ್ನೂ ಬಿಡುವಂತಿಲ್ಲ.

ಗುಳಿಕೆನ್ನೆ ಎನ್ನುವುದು ಆಕೆಯ ಸನ್ನೆಯ ಹೆಸರು. ಕೆನ್ನೆಯ ಮೇಲೆ ತೋರುಬೆರಳಿಟ್ಟು ಸ್ವಲ್ಪ ತಿರುಗಿಸಿದರೆ ಎಲ್ಲ ಕಿವುಡರಿಗೂ ಇಂಥವಳೇ ಎಂದು ಗೊತ್ತಾಗುತ್ತದೆ. ನುಗ್ಗೇಹಳ್ಳಿ ಹೋಬಳಿಯ ಒಂದು ಹಳ್ಳಿಯಲ್ಲಿ ಹೊಲಿಗೆ ಮಾಡಿಕೊಂಡಿದ್ದಾಳೆ. ಗಂಡನಿಗೆ ಕಿವಿ ಕೇಳಿಸುತ್ತದೆ. ತೆಂಗಿನಕಾಯಿ ಸಾಗಿಸುವ ಗೂಡ್ಸ್ ಆಟೋ ಓಡಿಸುತ್ತಾನೆ. ಕೈಮಾತು ಅವನಿಗೆ ಮನೆಬಳಕೆಗೆ ಬೇಕಾದಷ್ಟು ಬರುತ್ತದೆ: ಊಟ, ನೀರು, ಬಾ, ಹೋಗು, ಮಗು ಎಲ್ಲಿ. ಮೊದಲ ಮಗಳಿಗೂ ಕಿವಿ ಕೇಳಿಸುವುದಿಲ್ಲ. ಈಗ ಎರಡನೆಯ ಬಸುರಿಗೆ ದಿನ ತುಂಬಿತ್ತು. ಮೊದಲನೆಯದು ಸಿಸೇರಿಯನ್ ಆಗಿದ್ದರಿಂದ ಇದಕ್ಕೂ ಹಾಗೇ ಎಂದು ತೀರ್ಮಾನವಾಗಿ, ಚನ್ನರಾಯಪಟ್ಟಣದ ಒಂದು ನರ್ಸಿಂಗ್ ಹೋಮಿಗೆ ಬಂದು ಸೇರಿದ್ದಳು.

ಬಸುರಿನ ತಿಂಗಳುಗಳಲ್ಲಿ ನಾವು ಹಲವು ಸಲ ಅವಳ ಹಳ್ಳಿಯಿಂದಲೇ ಮಾತಾಡಿದ್ದೆವು. ಅಲ್ಲಿ ಸಿಗ್ನಲ್ ಬಡಕಲು. ಚಿತ್ರ ಮಸುಕಾಗಿ, ಬಿಟ್ಟು ಬಿಟ್ಟು ಬರುತ್ತಿತ್ತು. ನಿಧಾನವಾಗಿ, ದೊಡ್ಡದಾಗಿ, ಹೇಳಿದ್ದನ್ನೇ ಎರಡು ಸಲ ಹೇಳಿಕೊಂಡು ಹೇಗೋ ಕೆಲಸ ಮುಗಿಸುತ್ತಿದ್ದೆವು. ಕಣ್ಣು ನೋಯುತ್ತಿತ್ತು, ನಿಜ. ಆದರೆ ದಿನಕ್ಕೆ ಸಿಗುವ ಒಂದೂವರೆ ಜಿಬಿ ಡೇಟಾ ಸಂಜೆಯಾದರೂ ಮುಗಿಯುತ್ತಿರಲಿಲ್ಲ. ಹಾಗಾಗಿ ಡೇಟಾ ಎಷ್ಟು ಉಳಿದಿದೆ ಎಂದು ನೋಡುವ ಅಭ್ಯಾಸ ಅವಳಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಪಟ್ಟಣದ ನರ್ಸಿಂಗ್ ಹೋಮಿನಿಂದ ಬಂದ ಚಿತ್ರ ಕನ್ನಡಿಯಂತಿತ್ತು. ಅವಳ ನೈಟಿಯ ಗುಂಡಿಯ ದಾರ ಕೂಡ ಕಾಣುತ್ತಿತ್ತು. ಇಷ್ಟು ಚೆನ್ನಾಗಿ ನಿನ್ನನ್ನು ನೋಡೇ ಇಲ್ಲ ಎಂದು ಅವಳೂ ನಕ್ಕಳು. ನರ್ಸ್ ಬಂದು ಬಿಪಿ ನೋಡಿದರು, ಊಟ ಯಾವಾಗ ಮಾಡಿದ್ದು, ಅಲರ್ಜಿ ಏನಾದರೂ ಇದೆಯಾ, ಮಗು ಒದೆಯುತ್ತಿದೆಯಾ ಎಂದೆಲ್ಲ ಕೇಳಿದರು. ಒಂದು ಪ್ರಶ್ನೆಯೂ ತಪ್ಪದೆ ಆಚೆಗೂ ಈಚೆಗೂ ದಾಟಿತು. ಇಂಥ ದಿನಗಳಲ್ಲಿ ನನಗೆ ನನ್ನ ಕೆಲಸದ ಮೇಲೆ ಬಹಳ ಪ್ರೀತಿ.

ಡಾಕ್ಟರು ಬರುವುದು ತಡವೆಂದು ಗೊತ್ತಾದಾಗ, ಕರೆ ನಿಲ್ಲಿಸಿ ಆಮೇಲೆ ಮಾಡೋಣವೇ ಎಂದು ಕೇಳಿದೆ. ನರ್ಸ್ ಒಪ್ಪಲಿಲ್ಲ.

"ಕಟ್ ಮಾಡ್ಬ್ಯಾಡಿ ಮೇಡಮ್. ಡಾಕ್ಟ್ರು ಯಾವಾಗ್ ಬತ್ತಾರೋ ಗೊತ್ತಿಲ್ಲ. ಬಂದ್ರೆ ಎಲ್ಡ್ ನಿಮ್ಷ ನಿಂತ್ಕತ್ತಾರೆ ಅಷ್ಟೆ. ಆಗ ನೀವ್ ಸಿಗ್ನಿಲ್ಲ ಅಂದ್ರೆ ಕಾಯಕಿಲ್ಲ."

ಕರೆ ಹಾಗೇ ಇತ್ತು. ಗುಳಿಕೆನ್ನೆ ಫೋನನ್ನು ಫ್ಲಾಸ್ಕಿಗೆ ಒರಗಿಸಿ ಮಲಗಿದಳು. ಅದು ಜಾರಿ ಮೇಲ್ಮುಖವಾಯಿತು. ಆಮೇಲೆ ತುಂಬಾ ಹೊತ್ತು ನಾನು ಹಾಸನದಲ್ಲಿ ಕೂತು, ಅತ್ಯಂತ ಸ್ಪಷ್ಟವಾದ ಚಿತ್ರದಲ್ಲಿ, ಚನ್ನರಾಯಪಟ್ಟಣದ ಒಂದು ಸೀಲಿಂಗ್ ಫ್ಯಾನು ತಿರುಗುವುದನ್ನು ನೋಡಿದೆ. ಅವಳ ಫೋನಿಗೆ ಅಷ್ಟೇ ಸ್ಪಷ್ಟವಾಗಿ ನನ್ನ ನೀಲಿ ಬಟ್ಟೆ ಹೋಗುತ್ತಿತ್ತು. ಫ್ಯಾನಿನ ಚಿತ್ರ ಇತ್ತ ಬಂದದ್ದಕ್ಕೂ ಬಟ್ಟೆಯ ಚಿತ್ರ ಅತ್ತ ಹೋದದ್ದಕ್ಕೂ ಕಡಿತವಾದದ್ದು ಅವಳ ಒಂದೂವರೆ ಜಿಬಿಯಲ್ಲೇ. ಕಿವಿ ಕೇಳಿಸುವವರು ಆಸ್ಪತ್ರೆಯಲ್ಲಿ ಸುಮ್ಮನೆ ಕಾಯುತ್ತಾರೆ. ಅವಳಿಗೆ ಕಾಯುವುದೂ ಮಾತಿನಷ್ಟೇ ದುಬಾರಿಯಾಗಿತ್ತು.

ಡಾಕ್ಟರು ಬಂದರು. ನನ್ನದೇ ವಯಸ್ಸಿನ ಹೆಂಗಸು, ಮುಖದಲ್ಲಿ ಸುಸ್ತು. ಮಗುವಿನ ತೂಕ, ಹಳೆಯ ಹೊಲಿಗೆ, ಅರಿವಳಿಕೆ, ಎಲ್ಲವನ್ನೂ ಬಿಡಿಸಿ ಹೇಳಿದರು. ನಾನು ಹೊಟ್ಟೆಯ ಕೆಳಗೆ ಅಡ್ಡಗೀಟು ಎಳೆದು ಮಗುವನ್ನು ಎತ್ತಿಕೊಳ್ಳುವ ಸನ್ನೆ ಮಾಡಿದೆ. ಗುಳಿಕೆನ್ನೆ ಅದೇ ಸನ್ನೆಯನ್ನು ತಿರುಗಿ ಮಾಡಿ, ಸರಿ, ಒಪ್ಪಿಗೆ, ಮಧ್ಯಾಹ್ನವೇ ಮಾಡಿ ಎಂದಳು. ಅದನ್ನು ನಾನು ಡಾಕ್ಟರಿಗೆ ಹೇಳಿದೆ.

ಆಗ ಡಾಕ್ಟರು ಮಂಚದ ಆಚೆ ನಿಂತಿದ್ದ ಗಂಡನ ಅಕ್ಕನ ಕಡೆ ತಿರುಗಿದರು. "ಅದನ್ನೂ ಜೊತೆಗೇ ಮಾಡ್ಬಿಡೋದು ಅಂದ್ರಲ್ಲ, ಎಲ್ಲಾ ಮಾತಾಡ್ಕೊಂಡಿದ್ದೀರಾ?"

"ಮಾಡ್ಬುಡಿ ಮೇಡಮ್," ಎಂದಳು ಆಕೆ. "ಮೊದ್ಲುದೇ ಹಿಂಗಾಗದೆ. ಇನ್ ಯಾಕೆ."

ಅದು ಅಂದರೆ ಮಕ್ಕಳಾಗದ ಹಾಗೆ ಮಾಡುವ ಆಪರೇಷನ್.

ಕೋಣೆಯಲ್ಲಿ ಯಾರು ಏನು ಅಂದರೂ ಅದು ಕಿವುಡರಿಗೂ ತಲುಪಬೇಕು. ನಾನು ಕೈ ಎತ್ತಿ, ಡಾಕ್ಟರು ಇನ್ನೊಂದು ವಿಷಯ ಕೇಳುತ್ತಿದ್ದಾರೆ ಎಂದು ಶುರುಮಾಡಿದೆ. ಎರಡೂ ಪಕ್ಕದ ನಾಳಗಳನ್ನು ತೋರಿಸಿ, ಗಂಟು ಹಾಕುವ ಸನ್ನೆಗೆ ಬೆರಳು ಕೂಡಿಸುವಷ್ಟರಲ್ಲಿ ಪರದೆಯ ಮೇಲೆ ಅವಳ ಮುಖ ಚೌಕ ಚೌಕವಾಗಿ ಒಡೆಯಿತು. ಮತ್ತೆ ಕೂಡಿಕೊಂಡಾಗ ಅದು ನಿಂತುಹೋಗಿತ್ತು. ಗಲ್ಲ ಕೊಂಚ ಮೇಲೆದ್ದಿದೆ, ಕಣ್ಣು ಅರ್ಧ ಮುಚ್ಚಿದೆ.

ಕೈಮಾತಿನಲ್ಲಿ ಹೌದು ಎಂಬುದೂ ಅಲ್ಲ ಎಂಬುದೂ ತಲೆಯ ಚಲನೆಯಲ್ಲೇ ಇರುತ್ತದೆ. ನಿಂತ ಚಿತ್ರದಲ್ಲಿ ಎರಡೂ ಒಂದೇ.

ಧ್ವನಿ ಮಾತ್ರ ತುಂಡು ತುಂಡಾಗಿ ಬರುತ್ತಲೇ ಇತ್ತು. ವೇಗ ಬಿದ್ದಾಗ ಆ ಆ್ಯಪ್ ಮೊದಲು ಚಿತ್ರವನ್ನು ಕೈಬಿಟ್ಟು ಧ್ವನಿಯನ್ನು ಉಳಿಸಿಕೊಳ್ಳುತ್ತದೆ. ಅದನ್ನು ಮಾಡಿದವರ ಪ್ರಕಾರ ಮಾತೆಂದರೆ ಧ್ವನಿ. ಆ ತುಂಡು ಧ್ವನಿಯಲ್ಲಿ ನನಗೆ ಡಾಕ್ಟರ ಮಾತು ಕೇಳಿಸಿತು.

"ತಲೆ ಆಡಿಸಿದ್ರು. ಸರಿ, ಒಪ್ಪಿದಾರೆ."

ನಾನು ಕೂಗಿದೆ. ಕರೆ ಕಡಿದುಹೋಯಿತು. ಮತ್ತೆ ಮಾಡಿದೆ. ಹಿಡಿಯಿತು, ಬೂದು ಬಣ್ಣದ ಚೌಕಗಳು ಬಂದವು, ಕಡಿದುಹೋಯಿತು. ನಮ್ಮ ಕೇಂದ್ರದಲ್ಲಿ ತಂತಿಯ ಇಂಟರ್‌ನೆಟ್ ಇದೆ, ತೊಂದರೆ ನನ್ನ ಕಡೆಯದಲ್ಲ. ವಾರ್ಡಿನಲ್ಲೇ ಇದ್ದ ಅವಳ ಗಂಡನ ಹತ್ತಿರ ಗುಂಡಿ ಒತ್ತುವ ಹಳೆಯ ಫೋನಿತ್ತು. ಅದಕ್ಕೆ ಮಾಮೂಲಿ ಕರೆ ಮಾಡಿದೆ. ಒಂದೇ ರಿಂಗಿಗೆ ಎತ್ತಿದ. ಪಕ್ಕದಲ್ಲಿ ಕೂತು ಮಾತಾಡಿದಷ್ಟು ಸ್ಪಷ್ಟವಾಗಿತ್ತು ಅವನ ದನಿ.

"ಅಕ್ಕ, ಪೋನಲ್ಲಿ ಅದೇನೋ ಮೆಸೇಜ್ ಬಂತು ಕಣಕ್ಕ. ಇವತ್ತಿನ ಡೇಟಾ ಮುಗೀತು, ಇನ್ಮೇಲೆ ಸ್ಪೀಡು ಕಮ್ಮಿ ಅಂತ. ಅವಾಗಿಂದ ನೀವ್ ಅದ್ರಲ್ಲಿ ಅಳ್ಳಾಡ್ತಾನೇ ಇಲ್ಲ."

"ಡಾಕ್ಟರು ಇದಾರಾ?"

"ವಂಟೋದ್ರು. ಇನ್ನೊಂದ್ ಯೆರ್ಗೆ ಕೇಸು ಬಂದದಂತೆ."

ನಾನು ಅವಳ ನಂಬರಿಗೆ ಇಲ್ಲಿಂದಲೇ ಹೆಚ್ಚುವರಿ ಡೇಟಾ ಪ್ಯಾಕ್ ಹಾಕಿದೆ. ಹಣ ಕಡಿತವಾಯಿತು, ಪ್ಯಾಕ್ ಚಾಲೂ ಆಗುತ್ತಿದೆ ಎಂಬ ಸಾಲು ಬಂತು. ಆ ಸಾಲು ಅಲ್ಲೇ ಕೂತಿತು. ಕಂಪನಿಯ ಸಹಾಯವಾಣಿಗೆ ಕರೆ ಮಾಡಿದೆ. ಕನ್ನಡಕ್ಕೆ ಇದನ್ನು ಒತ್ತಿ, ದೂರಿಗೆ ಅದನ್ನು ಒತ್ತಿ ಎಂದೆಲ್ಲ ಆದ ಮೇಲೆ ಒಬ್ಬ ಹುಡುಗಿ ಸಿಕ್ಕಳು. ಬಹಳ ವಿನಯದ ಹುಡುಗಿ.

"ಮೇಡಮ್, ನಂಬರ್ ಯಾರ ಹೆಸರಲ್ಲಿದೆಯೋ ಅವರೇ ಮಾತಾಡಬೇಕು."

"ಅವರಿಗೆ ಕಿವಿ ಕೇಳ್ಸಲ್ಲ, ಮಾತೂ ಬರಲ್ಲ. ಅದಕ್ಕೇ ನಾನು ಮಾಡಿರೋದು."

"ಅರ್ಥ ಆಯ್ತು ಮೇಡಮ್. ಫೋನ್ ಅವರ ಕೈಗೆ ಕೊಡಿ. ಹೆಸರು, ಹುಟ್ಟಿದ ತಾರೀಖು ಹೇಳಿದ್ರೆ ಸಾಕು."

"ಅವರು ಹೇಗೆ ಹೇಳ್ತಾರಮ್ಮ?"

"ಅದು ಪ್ರೊಸೀಜರ್ ಮೇಡಮ್."

ಮತ್ತೆ ಗಂಡನಿಗೆ ಕರೆ ಮಾಡಿ ಫೋನನ್ನು ನರ್ಸ್ ಕೈಗೆ ಕೊಡಿಸಿದೆ. ನರ್ಸಿಂಗ್ ಹೋಮಿನ ವೈಫೈ ಪಾಸ್‌ವರ್ಡ್ ಕೇಳಿದೆ. ಅದು ಡಾಕ್ಟರಿಗೆ ಮಾತ್ರ ಗೊತ್ತು, ಡಾಕ್ಟರು ಹೆರಿಗೆ ಕೋಣೆಯಲ್ಲಿದ್ದಾರೆ. ನರ್ಸ್‌ಗಳ ಫೋನು ವಾರ್ಡಿನೊಳಗೆ ತರುವಂತಿಲ್ಲ. ಗಂಡನ ಅಕ್ಕನ ಫೋನಿಗೆ ಕರೆನ್ಸಿ ಇದೆ, ನೆಟ್ ಹಾಕಿಸಿಲ್ಲ.

ಆ ಬಿದ್ದ ವೇಗದಲ್ಲೂ ಬರಹದ ಸಂದೇಶ ಹೋಗುತ್ತಿತ್ತು. ಗುಳಿಕೆನ್ನೆ ಓದಿದ್ದು ಐದನೆಯ ತರಗತಿ. ಹುಟ್ಟಿನಿಂದ ಕೇಳಿಯೇ ಇಲ್ಲದ ಕನ್ನಡ ಅವಳಿಗೆ ಪರಭಾಷೆ. ಒಂದೊಂದು ಪದ ಗೊತ್ತು, ಪದ ಸೇರಿ ವಾಕ್ಯವಾದಾಗ ತಿಳಿಯುವುದು ಕಷ್ಟ. ಆದರೂ ಬೇರೆ ದಾರಿ ಕಾಣದೆ ಬರೆದೆ: ಮಗು ತೆಗೆಯುವ ಆಪರೇಷನ್ ಅಲ್ಲದೆ ಮುಂದೆ ಮಕ್ಕಳಾಗದ ಆಪರೇಷನ್ ಕೂಡ ಮಾಡಬಹುದಾ, ನಿನಗೆ ಒಪ್ಪಿಗೆಯಾ. ಸ್ವಲ್ಪ ಹೊತ್ತಿಗೆ ಉತ್ತರ ಬಂತು. "ಆಪರೇಷನ್ ಸರಿ."

ಯಾವ ಆಪರೇಷನ್? ನಮ್ಮ ಕಡೆ ಹೊಟ್ಟೆ ಕುಯ್ದು ಮಗು ತೆಗೆಯುವುದೂ ಆಪರೇಷನ್, ಮಕ್ಕಳು ಸಾಕೆಂದು ಮಾಡಿಸಿಕೊಳ್ಳುವುದೂ ಆಪರೇಷನ್. ಕೈಯಲ್ಲಿ ಹೇಳಿದರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ. ಬರೆದ ಕನ್ನಡದಲ್ಲಿ ಅವಳಿಗೆ ಹಿಡಿದದ್ದು ಗೊತ್ತಿದ್ದ ಆ ಒಂದು ಪದ ಇದ್ದೀತು. ಅಥವಾ ಪೂರ್ತಿ ಅರ್ಥವಾಗಿ, ನಿಜವಾಗಿಯೇ ಒಪ್ಪಿದ್ದಾಳೆಯೋ ಏನೋ. ಹೇಗೆ ಹೇಳುವುದು? ಅಷ್ಟರಲ್ಲಿ ಗಂಡನ ಕರೆ ಬಂತು.

"ಅಕ್ಕ, ಸರಿ ಅಂತ ಬರ್ದವ್ಳಲ್ಲ. ನಮ್ಮಕ್ಕ ಅದ್ನ ನರ್ಸಮ್ಮಂಗೂ ತೋರ್ಸುದ್ಲು. ತೊಂದ್ರೆ ಇಲ್ಲ ಬುಡಿ, ನೀವ್ ಯೋಚ್ನೆ ಮಾಡ್ಬ್ಯಾಡಿ."

ಸಹಾಯವಾಗಲೆಂದು ನಾನು ಕಳಿಸಿದ ಸಂದೇಶವೇ ಈಗ ಅವಳ ಒಪ್ಪಿಗೆಗೆ ಸಾಕ್ಷಿಯಾಗಿ ವಾರ್ಡಿನಲ್ಲಿ ಕೈಯಿಂದ ಕೈಗೆ ಓಡಾಡುತ್ತಿತ್ತು.

ನನಗೆ ಸಿಟ್ಟು ಬಂದದ್ದು ಆಗ. ಯಾರ ಮೇಲೆ ಎಂದು ಹೇಳುವುದೂ ಕಷ್ಟ. ಗಂಡ ಕೆಟ್ಟವನಲ್ಲ, ನರ್ಸ್ ಕೆಟ್ಟವರಲ್ಲ, ಆ ವಿನಯದ ಹುಡುಗಿಯೂ ಅಲ್ಲ. ಎಲ್ಲರೂ ಒಳ್ಳೆಯವರಾಗಿದ್ದುಕೊಂಡೇ ಒಬ್ಬ ಹೆಂಗಸಿನ ಹೊಟ್ಟೆಯ ವಿಷಯವನ್ನು ಅವಳನ್ನು ಕೇಳದೆ ಮುಗಿಸಿಬಿಡುವುದರಲ್ಲಿದ್ದರು. ಎಲ್ಲರೂ ನನ್ನೊಡನೆ ಬಾಯಲ್ಲಿ ಎಷ್ಟು ಬೇಕಾದರೂ ಮಾತಾಡಬಹುದಿತ್ತು, ಅದಕ್ಕೆ ಮಿತಿಯಿರಲಿಲ್ಲ. ಮಾತು ತೀರಿಹೋದದ್ದು ಅವಳೊಬ್ಬಳದು.

ಡಾಕ್ಟರು ಹೊರಗೆ ಬರುವವರೆಗೆ ಕರೆ ಬಿಡಬೇಡ ಎಂದು ಗಂಡನಿಗೆ ಹೇಳಿ ಕಾದೆ. ಕೊನೆಗೆ ಅವರು ಸಿಕ್ಕರು.

"ಮೇಡಮ್, ಸಿಸೇರಿಯನ್‌ಗೆ ಅವರು ಒಪ್ಪಿದ್ದನ್ನ ನಾನು ನೋಡಿದೀನಿ. ಇನ್ನೊಂದಕ್ಕೆ ಅವರು ಏನು ಹೇಳಿದರು ಅಂತ ನಾನು ನೋಡಿಲ್ಲ."

"ತಲೆ ಆಡಿಸಿದ್ದನ್ನ ನಾನು ನೋಡಿದೀನಲ್ಲ. ಬರೆದೂ ಕಳಿಸಿದಾರಂತೆ."

"ಪ್ರಶ್ನೆ ಅವರಿಗೆ ಪೂರ್ತಿ ತಲುಪೇ ಇಲ್ಲ ಮೇಡಮ್. ಯಾವುದಕ್ಕೆ ತಲೆ ಆಡಿಸಿದರೋ ಗೊತ್ತಿಲ್ಲ."

"ನೀವು ಇಂಟರ್‌ಪ್ರಿಟರ್. ಬೇಕು, ಬೇಡ ಅನ್ನೋಕೆ ನೀವ್ಯಾರು?"

ಆ ಪ್ರಶ್ನೆ ನ್ಯಾಯವಾದದ್ದೇ. ನನಗೆ ಏನು ಅನಿಸುತ್ತದೆ ಎಂಬುದಕ್ಕೆ ಅಲ್ಲಿ ಬೆಲೆ ಇಲ್ಲ, ಇರಲೂಬಾರದು. "ನಾನು ಬೇಡ ಅಂತ ಹೇಳ್ತಿಲ್ಲ," ಎಂದೆ. "ಗೊತ್ತಿಲ್ಲ ಅಂತ ಹೇಳ್ತಿದೀನಿ. ಸಿಸೇರಿಯನ್‌ಗೆ ದುಭಾಷಿ ಅಂತ ನನ್ನ ಹೆಸರು ಬರ್ಕೊಳ್ಳಿ. ಇನ್ನೊಂದಕ್ಕೆ ಬರೀಬೇಡಿ. ನಾನು ಈಗ ಹೊರಡ್ತೀನಿ. ಮಗುಗೆ ತೊಂದರೆ ಅನ್ನಿಸಿದ್ರೆ ನನಗೋಸ್ಕರ ಕಾಯ್ಬೇಡಿ, ಸಿಸೇರಿಯನ್ ಮಾಡಿ. ಅದರ ಜೊತೆ ಬೇರೇನೂ ಮಾಡ್ಬೇಡಿ."

ಡಾಕ್ಟರು "ಬನ್ನಿ," ಎಂದು ಫೋನಿಟ್ಟರು.

ಹೊರಡುವುದು ಸುಲಭವಿರಲಿಲ್ಲ. ಮಧ್ಯಾಹ್ನಕ್ಕೆ ಹೊಳೆನರಸೀಪುರದ ಒಬ್ಬ ಗಾರೆ ಕೆಲಸದವನು ಬ್ಯಾಂಕಿನಿಂದ ಕರೆ ಮಾಡುವುದಿತ್ತು. ಅರಕಲಗೂಡಿನ ಒಬ್ಬ ತಾಯಿ ಮಗನ ಶಾಲೆಯಲ್ಲಿ ಹೆಡ್‌ಮಾಸ್ತರರನ್ನು ನೋಡುವುದಿತ್ತು. ನಾನು ಕುರ್ಚಿ ಬಿಟ್ಟರೆ ಅವರಿಬ್ಬರೂ ಬಾಯಿ ಕಟ್ಟಿಕೊಂಡು ನಿಲ್ಲಬೇಕು. ನಾಲ್ಕು ತಾಲ್ಲೂಕಿಗೆ ಒಬ್ಬಳೇ ದುಭಾಷಿ ಎಂದರೆ ಇದೇ ಅರ್ಥ. ಇಬ್ಬರಿಗೂ ಕೈಯಲ್ಲೇ ಸಣ್ಣ ವಿಡಿಯೋ ಮಾಡಿ ಕಳಿಸಿ ಬಸ್‌ಸ್ಟ್ಯಾಂಡಿಗೆ ಓಡಿದೆ. ಬಸ್ಸು ಶಾಂತಿಗ್ರಾಮ ದಾಟುವಾಗ ಗಾರೆಯವನ ಉತ್ತರ ಬಂತು. ಹೆಬ್ಬೆರಳು ಎತ್ತಿ, ಹೋಗು, ಬ್ಯಾಂಕು ನಾಳೆಯೂ ಇರುತ್ತದೆ ಎಂದಿದ್ದ. ಅರಕಲಗೂಡಿನ ತಾಯಿಯಿಂದ ಏನೂ ಬರಲಿಲ್ಲ. ಹೆಡ್‌ಮಾಸ್ತರರು ಆಕೆಯನ್ನು ಸುಮ್ಮನೆ ವಾಪಸ್ ಕಳಿಸಿದರೆಂದು ಆಮೇಲೆ ತಿಳಿಯಿತು.

ನಾನು ತಲುಪಿದಾಗ ಗುಳಿಕೆನ್ನೆಯನ್ನು ಹಸಿರು ಗೌನಿನಲ್ಲಿ ಥಿಯೇಟರಿನ ಹೊರಗೆ ಕೂರಿಸಿದ್ದರು. ನನ್ನನ್ನು ಕಂಡದ್ದೇ ಅವಳ ಮುಖ ಅರಳಿತು, ಏನೋ ಹೇಳಹೋಗಿ ಮುಖ ಕಿವುಚಿದಳು. ಬಲಗೈಗೆ ಸಲೈನಿನ ಸೂಜಿ ಹಾಕಿ, ಬೆರಳು ಅಲುಗದಂತೆ ರಟ್ಟು ಕಟ್ಟಿದ್ದರು. ಬಲಗೈಯಲ್ಲಿ ಮಾತಾಡುವವಳಿಗೆ ಅದು ಬಾಯಿಗೆ ಬಟ್ಟೆ ಕಟ್ಟಿದಂತೆ. ನರ್ಸ್‌ಗೆ ಹೇಳಿದೆ. "ಅಯ್ಯೋ, ಒಳೀನೇ ಇಲ್ವಲ್ಲ ಮೇಡಮ್," ಎಂದು ಅವರೇ ನೊಂದುಕೊಂಡು, ಸೂಜಿ ತೆಗೆದು ಎಡಗೈಗೆ ಬದಲಿಸಿದರು.

ಡಾಕ್ಟರನ್ನು ಎದುರಿಗೆ ಕೂರಿಸಿಕೊಂಡು ಮೊದಲಿನಿಂದ ಶುರುಮಾಡಿದೆವು. ಡಾಕ್ಟರು ಹೇಳಿದರು, ನಾನು ಕೈಯಲ್ಲಿ ಹೇಳಿದೆ. ಮಗು ತೆಗೆದ ಮೇಲೆ, ಅದೇ ಹೊತ್ತಿನಲ್ಲಿ, ಎರಡು ಕಡೆಯ ನಾಳಕ್ಕೆ ಗಂಟು ಹಾಕುವುದು. ಮುಂದೆ ಮಕ್ಕಳಾಗುವುದಿಲ್ಲ.

ಗುಳಿಕೆನ್ನೆಯ ಹುಬ್ಬು ಗಂಟಿಕ್ಕಿತು. ಅದನ್ನು ಇನ್ನೊಂದು ಸಲ ಹೇಳು ಎಂದಳು. ಹೇಳಿದೆ. ಆಮೇಲೆ ಅವಳ ಕೈ ನಿಲ್ಲಲಿಲ್ಲ. ಈಗಲೇ ಹೇಳಬೇಕಾ? ಆಮೇಲೆ ಬೇಕೆನಿಸಿದರೆ ಗಂಟು ಬಿಚ್ಚಬಹುದಾ? ಬೇಡ ಎಂದರೆ ಮುಂದೆ ಯಾವಾಗಲಾದರೂ ಮಾಡಿಸಿಕೊಳ್ಳಬಹುದಾ? ಗಂಡಸರಿಗೆ ಮಾಡುವುದು ಇದಕ್ಕಿಂತ ಸುಲಭ ಎನ್ನುತ್ತಾರಲ್ಲ, ಅವನನ್ನು ಯಾಕೆ ಕೇಳಲಿಲ್ಲ? ಪ್ರತಿಯೊಂದನ್ನೂ ನಾನು ಅವಳ ಮಾತಾಗಿಯೇ, ನಾನು, ನನಗೆ ಎಂದೇ ಜೋರಾಗಿ ಹೇಳಿದೆ. ಡಾಕ್ಟರು ಒಂದನ್ನೂ ತಳ್ಳಿಹಾಕದೆ ತಾಳ್ಮೆಯಿಂದ ಉತ್ತರಿಸಿದರು. ಬೆಳಗ್ಗಿನ ಆ ಎರಡು ನಿಮಿಷದಲ್ಲಿ ಇಷ್ಟು ಪ್ರಶ್ನೆಗಳು ಎಲ್ಲಿಗೆ ಹೋಗಿದ್ದವು ಎಂದು ಅವರಿಗೂ ಅನಿಸಿರಬೇಕು.

ಕೊನೆಗೆ ಅವಳು ಕೇಳಿದಳು: "ಇದನ್ನು ಮಾಡಿ ಅಂದವರು ಯಾರು?"

ಪ್ರಶ್ನೆಯನ್ನು ನಾನು ಬಾಯಲ್ಲಿ ಹೇಳಿದೆ. ಗೊತ್ತಿದ್ದರೂ ಅದಕ್ಕೆ ಉತ್ತರ ನಾನು ಕೊಡುವಂತಿಲ್ಲ. ಗಂಡನ ಅಕ್ಕನೇ ಮುಂದೆ ಬಂದಳು.

"ನಾನೇ ಯೋಳ್ದೆ ಕಣವ್ವ. ನಿನ್ ಒಳ್ಳೇದುಕ್ಕೇ ಯೋಳಿದ್ದು. ಮೊದ್ಲ ಮಗೀಗೂ ಹಿಂಗಾಗದೆ. ಇನ್ನೂ ಒಂದೊಂದೇ ಆಯ್ತಾ ಓದ್ರೆ ನಿಂಗೇ ಕಷ್ಟ ಅಲ್ವಾ?"

ಆ ಮಾತನ್ನು ನಾನು ಹಾಗೆಯೇ ಕೈಗೆ ತಂದೆ. ಮೃದು ಮಾಡಬಹುದಿತ್ತು, ಮಾಡಲಿಲ್ಲ.

ಗುಳಿಕೆನ್ನೆ ಅವಳನ್ನೇ ನೋಡಿದಳು. ಆಮೇಲೆ ಹುಬ್ಬೇರಿಸಿ, ನಿಧಾನವಾಗಿ ಕೇಳಿದಳು: "ಹಿಂಗೆ ಅಂದರೆ ಹೆಂಗೆ?"

ನಾನು ಬಾಯಲ್ಲಿ ಹೇಳಿದೆ. ಗಂಡನ ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು ಕಿಟಕಿಯ ಕಡೆ ತಿರುಗಿದಳು.

"ಇವತ್ತು ಮಗು ಮಾತ್ರ," ಎಂದಳು ಗುಳಿಕೆನ್ನೆ. "ಇನ್ನೊಂದು ಬೇಡ. ಬೇಕು ಅನಿಸಿದ ದಿನ ನಾನೇ ಬರುತ್ತೇನೆ." ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸಿದಳು. ಕಣ್ಣೆದುರಿಗೆ, ಚೌಕಗಳಿಲ್ಲದೆ.

"ಅವ್ಳು ಯೋಳ್ದಂಗೇ ಆಗ್ಲಿ ಬುಡಿ," ಎಂದ ಗಂಡ, ನೆಲ ನೋಡುತ್ತಾ. ಡಾಕ್ಟರು ಕೇಸ್ ಶೀಟಿನಲ್ಲಿ ಎರಡನೆಯ ಆಪರೇಷನ್ ಎಂದು ಬರೆದಿದ್ದನ್ನು ಹೊಡೆದುಹಾಕಿದರು.

ಹೆಣ್ಣು ಮಗು ಹುಟ್ಟಿತು. ಕಥೆ ಕೇಳಿದವರೆಲ್ಲ ಮಗುವಿಗೆ ಕಿವಿ ಕೇಳಿಸುತ್ತದೆಯೇ ಎಂದು ನನ್ನನ್ನು ಕೇಳಿದ್ದಾರೆ. ನಾನು ಯಾರಿಗೂ ಹೇಳಿಲ್ಲ.

ಸಂಜೆ ಡಾಕ್ಟರು ನನ್ನನ್ನು ಕರೆಸಿ ಕಾಫಿ ಕೊಟ್ಟರು. "ತಲೆ ಆಡಿಸಿದ್ದು ಮಾತ್ರ ನಿಜ," ಎಂದರು. ನಿಜವೇ. ಅರ್ಥವಾಗದಾಗ ಕಿವುಡರಲ್ಲಿ ಬಹಳ ಮಂದಿ ತಲೆಯಾಡಿಸಿಬಿಡುತ್ತಾರೆ. ಎದುರಿನವರ ಮುಖದ ಸಿಡುಕು ಅಷ್ಟಕ್ಕೆ ಕಡಿಮೆಯಾಗುತ್ತದೆ ಎಂದು ಚಿಕ್ಕಂದಿನಲ್ಲೇ ಕಲಿತಿರುತ್ತಾರೆ. ಇದನ್ನು ಅವರಿಗೆ ಹೇಳಿದೆ. ಮುಂದಿನ ವಾರ ಅದೇ ವಾರ್ಡಿನಿಂದ ಇನ್ನೊಬ್ಬರ ಕರೆ ಬಂದಾಗ, ಮಂಚದ ತಲೆಯ ಕಡೆ ವೈಫೈ ಪಾಸ್‌ವರ್ಡ್ ಬರೆದ ಚೀಟಿ ಅಂಟಿಸಿದ್ದು ಕಂಡಿತು. ಕೆಳಗೆ ಕೈಯಲ್ಲಿ ಬರೆದಿದ್ದರು: ಸನ್ನೆ ಭಾಷೆಯವರಿಗೆ ಕೇಳದೆ ಕೊಡುವುದು.

ನನ್ನ ಸಿಟ್ಟು ಮಾತ್ರ ಇಳಿದಿರಲಿಲ್ಲ. ಹೊಳೆನರಸೀಪುರದ ಆ ಗಾರೆಯವನು ಬ್ಯಾಂಕಿನ ಕೆಲಸ ಮುಗಿಸಿಕೊಂಡು ಹಾಸನಕ್ಕೆ ಬಂದಾಗ ಅವನನ್ನು ಕೂರಿಸಿಕೊಂಡು ಪರೀಕ್ಷೆ ಶುರುಮಾಡಿದೆ. ಅವನದೂ ಅದೇ ಪ್ಲ್ಯಾನ್. ಒಂದು ದಿನ ಹಾಸನದಲ್ಲಿ, ಒಳ್ಳೆಯ ವೇಗದಲ್ಲಿ, ಪೂರ್ತಿ ಒಂದೂವರೆ ಜಿಬಿ ಇಟ್ಟುಕೊಂಡು ಮಾತಿಗೆ ಕೂತೆವು. ಚಿತ್ರ ಸೊಗಸಾಗಿತ್ತು. ಒಂದು ಗಂಟೆ ದಾಟಿ ಸ್ವಲ್ಪ ಹೊತ್ತಿಗೆ ಎಲ್ಲ ಮುಗಿಯಿತು. ವೇಗ ಸಿಕ್ಕಷ್ಟೂ ಆ್ಯಪ್ ಚಿತ್ರವನ್ನು ಹಿಗ್ಗಿಸುತ್ತ ಹೋಗುತ್ತದೆ, ಹಿಗ್ಗಿಸಲೋ ಎಂದು ಕೇಳುವುದಿಲ್ಲ. ಇನ್ನೊಂದು ದಿನ ಅರಕಲಗೂಡಿನ ಆಚೆಯ, ಸಿಗ್ನಲ್ ಕಡಿಮೆಯಿರುವ ಹಳ್ಳಿಯಿಂದ ಅವನು ಕರೆ ಮಾಡಿದ. ಬೆಳಗ್ಗೆ ಕೂತು ಊಟದ ಹೊತ್ತಿನವರೆಗೆ ಮಾತಾಡಿದರೂ ಡೇಟಾ ಮಿಕ್ಕಿತ್ತು, ಆದರೆ ಬೆರಳಲ್ಲಿ ಅಕ್ಷರ ಬಿಡಿಸಿ ತೋರಿಸಿದ ಹೆಸರುಗಳು ಒಂದೂ ಹಿಡಿಯಲಿಲ್ಲ. ಮೂರನೆಯ ದಿನ ಆ್ಯಪಿನಲ್ಲಿ ಡೇಟಾ ಉಳಿಸುವ ಗುಂಡಿ ಒತ್ತಿ ನೋಡಿದೆವು. ಅದು ನಡುವಿನ ದಾರಿ. ನಿಧಾನವಾಗಿ ಆಡಿದರೆ ಅರ್ಥವಾಗುತ್ತದೆ, ಸುಮಾರು ಹೊತ್ತು ಬಾಳುತ್ತದೆ. ಈಗ ಎಲ್ಲರಿಗೂ ಅದನ್ನೇ ಒತ್ತಲು ಕಲಿಸುತ್ತಿದ್ದೇನೆ.

ಇನ್ನು ದಿನದ ಮಿತಿ ಮುಗಿದ ಮೇಲೆ ಕೊಡುವ ವೇಗ. ಸೆಕೆಂಡಿಗೆ ಅರವತ್ತನಾಲ್ಕು ಕಿಲೋಬಿಟ್ ಎಂದು ಪ್ಲ್ಯಾನಿನ ಕೆಳಗೆ ಸಣ್ಣ ಅಕ್ಷರದಲ್ಲಿದೆ. ಲೆಕ್ಕ ಹಾಕಿದೆ. ಆ ವೇಗದಲ್ಲಿ ಹಗಲೂ ರಾತ್ರಿ ಬಿಡದೆ ಎಳೆದರೂ ಒಂದೂವರೆ ಜಿಬಿಯ ಅರ್ಧವೂ ಖರ್ಚಾಗುವುದಿಲ್ಲ. ಯಾವತ್ತೂ ಮುಗಿಯದ ಡೇಟಾ. ಅದರಲ್ಲಿ ಒಂದು ಕೈ ಎತ್ತಿ ಇಳಿಸುವುದನ್ನೂ ನೋಡಲಾಗುವುದಿಲ್ಲ.

ಈ ಲೆಕ್ಕ ಹಿಡಿದು ಗುಳಿಕೆನ್ನೆಯ ಪರವಾಗಿ ಹಾಸನದಲ್ಲಿರುವ ಕಂಪನಿಯ ಮಳಿಗೆಗೆ ಹೋದೆ. ಟೈ ಕಟ್ಟಿದ್ದ ಯುವಕ ಪೂರ್ತಿ ಕೇಳಿಸಿಕೊಂಡ.

"ಮೇಡಮ್, ಇದು ಅನ್‌ಲಿಮಿಟೆಡ್ ಪ್ಲ್ಯಾನು. ಮುಗಿಯೋದೇ ಇಲ್ಲ. ಸ್ಲೋ ಆಗತ್ತೆ ಅಷ್ಟೇ. ಕಾಲ್ ಅಂತೂ ಇಡೀ ದಿನ ಫ್ರೀ."

"ಆ ಫ್ರೀ ಕಾಲನ್ನ ಅವರು ಒಂದು ಸಲಾನೂ ಬಳಸಿಲ್ಲಪ್ಪ. ಅದಕ್ಕೂ ಸೇರಿಸಿ ಹಣ ಕೊಡ್ತಾರೆ. ಅದರ ಬದಲು ಅಷ್ಟು ವಿಡಿಯೋ ಮಾತು ಕೊಡಿ. ನಿಮ್ಮ ಮಾತಿಗೆ ಮಿತಿ ಇಲ್ಲ ಅಂದ್ರೆ ಅವರ ಮಾತಿಗೂ ಇರಬಾರದು."

ಅವನು ತಲೆ ಕೆರೆದುಕೊಂಡು ದೂರು ದಾಖಲಿಸಿದ. ಗುಳಿಕೆನ್ನೆಯ ನಂಬರನ್ನೇ ಕೊಟ್ಟೆ, ಗ್ರಾಹಕಿ ಅವಳು. ಮಾತು ಬರುವುದಿಲ್ಲ, ವಿಡಿಯೋ ಕರೆಯನ್ನೇ ಮಾಡಬೇಕು ಎಂದು ಎರಡು ಸಲ ಹೇಳಿ ಬರೆಸಿದೆ. ಕೆಲವು ದಿನದಲ್ಲಿ ಅವಳ ಫೋನಿಗೆ ಸಂದೇಶ ಬಂತು. ಅವಳು ಅದನ್ನು ನನಗೆ ಕಳಿಸಿದಳು. ನಿಮ್ಮ ದೂರಿನ ಸಂಬಂಧ ಕರೆ ಮಾಡಲಾಗಿತ್ತು, ಕರೆ ಸ್ವೀಕರಿಸಿದರೂ ತಮ್ಮ ಕಡೆಯಿಂದ ಯಾರೂ ಮಾತನಾಡಲಿಲ್ಲ, ಆದ್ದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ.

ಬಾಣಂತನದ ಮನೆಗೆ ಹೋಗಿ ಅದರ ಅರ್ಥ ಹೇಳಿದೆ. ನಾನೇ ಮತ್ತೆ ಬರೆಯುತ್ತೇನೆ, ಈ ಸಲ ಮೇಲಿನವರಿಗೆ ಬರೆಯುತ್ತೇನೆ ಎಂದೆ. ಗುಳಿಕೆನ್ನೆ ಬೇಡವೆಂದಳು. ಮಗುವನ್ನು ನನ್ನ ತೊಡೆಗೆ ಕೊಟ್ಟು, ಫೋನನ್ನು ಹೊಲಿಗೆ ಮಿಷನ್ನಿನ ಮೇಲೆ ನಿಲ್ಲಿಸಿ, ವಿಡಿಯೋ ಚಾಲೂ ಮಾಡಿ ಅದರ ಎದುರು ಕೂತಳು. ದೂರನ್ನು ಅವಳೇ ಹೇಳಿದಳು, ಕೈಯಲ್ಲಿ, ಮೊದಲಿನಿಂದ ಕೊನೆಯವರೆಗೆ. ಫ್ಯಾನು, ನೀಲಿ ಬಟ್ಟೆ, ನಿಂತುಹೋದ ನನ್ನ ಮುಖ, ಹೆಸರು ಹೇಳಿ ಎಂದ ಹುಡುಗಿ, ರಟ್ಟು ಕಟ್ಟಿದ ಬಲಗೈ, ಬೇಡ ಎಂದ ತಲೆ. ಅಷ್ಟು ಸಿಟ್ಟನ್ನು ಅಷ್ಟು ಅಚ್ಚುಕಟ್ಟಾಗಿ ಹೇಳಿದ್ದನ್ನು ನಾನು ನೋಡಿಲ್ಲ. ಅದನ್ನು ಕಂಪನಿಗೆ ಕಳಿಸಿ ಮುಗಿಸುವಷ್ಟರಲ್ಲಿ ಆ ದಿನದ ಡೇಟಾ ಖಾಲಿಯಾಯಿತು. ಕೆಳಗೆ ಕನ್ನಡದಲ್ಲಿ ಬರೆದುಕೊಡಲೇ ಎಂದು ಕೇಳಿದೆ. ಬೇಡ, ನನ್ನ ಭಾಷೆ ತಿಳಿಯಬೇಕಾದರೆ ಅವರೇ ದುಭಾಷಿಯನ್ನು ಹುಡುಕಿಕೊಳ್ಳಲಿ ಎಂದಳು.

ಎರಡು ದಿನ ಬಿಟ್ಟು ನನಗೆ ಕರೆ ಬಂತು. ಮಳಿಗೆಯ ಯುವಕನಲ್ಲ, ಅವನಿಗಿಂತ ಮೇಲಿನವರು ಯಾರೋ.

"ಮೇಡಮ್, ಒಂದು ವಿಡಿಯೋ ಬಂದಿದೆ. ನೀವು ಇಂಟರ್‌ಪ್ರಿಟರ್ ಅಂತ ಮಳಿಗೆಯವರು ಹೇಳಿದ್ರು. ಇದರಲ್ಲಿ ಏನು ಹೇಳ್ತಿದಾರೆ?"

"ಅವರನ್ನೇ ಕೇಳಿ ಸಾರ್. ನಾನು ಮಧ್ಯದಲ್ಲಿ ಕೂತಿರ್ತೀನಿ, ಅದು ನನ್ನ ಕೆಲಸ. ಆದರೆ ಅವರ ಬದಲಿಗೆ ಹೇಳಲ್ಲ."

"ಹೆಂಗೆ ಕೇಳೋದು ಮೇಡಮ್?"

"ವಿಡಿಯೋ ಕರೆ ಮಾಡಿ. ಬೆಳಗ್ಗೆನೇ ಮಾಡಿ, ಅವರ ಡೇಟಾ ಇರುವಾಗ."

ಮರುದಿನ ಬೆಳಗ್ಗೆ ಮೂವರೂ ಪರದೆಯ ಮೇಲೆ ಸೇರಿದೆವು. ಕಂಪನಿಯವರು ಕ್ಯಾಮೆರಾ ಹಾಕಿರಲಿಲ್ಲ, ಬರೀ ದನಿ. ಗುಳಿಕೆನ್ನೆ ಮೊದಲು ಹೇಳಿದ್ದು ಅದನ್ನೇ, ಅದನ್ನು ನಾನು ಕನ್ನಡಕ್ಕೆ ತಂದೆ: "ನಿಮ್ಮ ಮುಖ ತೋರಿಸಿ. ನೀವು ಮಾತಾಡುತ್ತಿರುವುದು ನನಗೆ ಕಾಣಿಸುತ್ತಿಲ್ಲ."

ಸ್ವಲ್ಪ ಹೊತ್ತಿನ ಮೇಲೆ ಕಪ್ಪು ಚೌಕ ಬೆಳಕಾಯಿತು. ಐವತ್ತರ ಆಸುಪಾಸಿನ ಒಬ್ಬ ಮನುಷ್ಯ ಕನ್ನಡಕ ಸರಿಮಾಡಿಕೊಳ್ಳುತ್ತಾ ಕೂತಿದ್ದರು. ಗುಳಿಕೆನ್ನೆ ಮಗುವನ್ನು ಪಕ್ಕಕ್ಕೆ ಮಲಗಿಸಿ ಎರಡೂ ಕೈ ಎತ್ತಿದಳು.